ದೈತ್ಯ ಮರಜೇಡ

ದೈತ್ಯ ಮರಜೇಡ (ವೈಜ್ಞಾನಿಕ ಹೆಸರು: ನೆಫಿಲಾ ಪಿಲಿಪೆಸ್) ಚಕ್ರಾಕಾರದ ಬಲೆ ನೇಯುವ ಅರಾನೈಡೇ ಕುಟುಂಬಕ್ಕೆ ಸೇರಿದ ಜೇಡ. ಇದನ್ನು ಮೊದಲು ವರ್ಣಿಸಿದವನು ಡೆನ್ಮಾರ್ಕಿನ ಪ್ರಾಣಿಶಾಸ್ತ್ರಜ್ಞ ಯೋಹಾನ್ ಕ್ರಿಶ್ಚಿಯನ್ ಫ್ಯಾಬ್ರಿಸಿಯಸ್ (1793). ಹಳೆಯ ಗ್ರಂಥಗಳಲ್ಲಿ ಇದು ನೆಫಿಲಾ ಮ್ಯಾಕ್ಯುಲೇಟಾ ಎಂಬ ಹೆಸರಿನಲ್ಲಿ ಕಾಣಸಿಗುತ್ತದೆ. ಭಾರತ, ಶ್ರೀಲಂಕಾ, ಆಗ್ನೇಯ ಏಷ್ಯಾದಿಂದ ಉತ್ತರ ಆಸ್ಟ್ರೇಲಿಯಾದವರೆಗೆ ಇದರ ವ್ಯಾಪ್ತಿಯಿದೆ. ಕರ್ನಾಟಕದಲ್ಲಿ ಪಶ್ಚಿಮ ಘಟ್ಟದ ಕಾಡುಗಳಲ್ಲಿ ವಾಸಿಸುತ್ತದೆ.

ಸ್ವರೂಪ

ಹೆಣ್ಣಿನ ದೇಹದ ಉದ್ದ ಸುಮಾರು 3ರಿಂದ 5 ಸೆಂ.ಮೀ. ಕಾಲುಗಳನ್ನು ಚಾಚಿದರೆ ಅದು ಮನುಷ್ಯನ ಅಂಗೈಯನ್ನು ಆವರಿಸಬಲ್ಲದು. ಉದರ ನೀಳವಾಗಿದ್ದು, ಕಪ್ಪು ಮಿಶ್ರಿತ ಕಂದು ಬಣ್ಣದ ಮೇಲೆ ಹಳದಿ ಗೆರೆಗಳಿರುತ್ತವೆ. ಕಪ್ಪು ಕಾಲುಗಳ ಕೀಲುಗಳಲ್ಲಿ ಹಳದಿ ಗುರುತುಗಳುಂಟು. ಗಂಡು ಕೇವಲ 5–6 ಮಿ.ಮೀ. ಉದ್ದದ ಕೆಂಗಂದು ಜೀವಿ. ಅರಿಯದವರು ಅದನ್ನು ಬೇರೆಯೇ ಪ್ರಭೇದವೆಂದು ಭಾವಿಸಿದರೆ ಆಶ್ಚರ್ಯವಿಲ್ಲ.

ಬಲೆ ಮತ್ತು ಬೇಟೆ

ಬಿಸಿಲಿನಲ್ಲಿ ಹೊಂಬಣ್ಣದಿಂದ ಹೊಳೆಯುವ ಬಲೆಯ ಅಗಲ ಒಂದು ಮೀಟರನ್ನೂ ಮೀರಬಹುದು. ಬಲೆಯ ಕೇಂದ್ರ ನಟ್ಟನಡುವೆ ಇರದೆ ಮೇಲಂಚಿಗೆ ಸಮೀಪವಾಗಿರುತ್ತದೆ. ಹೆಣ್ಣು ಅಲ್ಲಿಯೇ ತಲೆಕೆಳಗಾಗಿ ಕುಳಿತಿರುತ್ತದೆ. ಅನೇಕ ಜೇಡಗಳಂತೆ ದಿನವೂ ಬಲೆಯನ್ನು ಪೂರ್ತಿ ಕಿತ್ತು ಕಟ್ಟದೆ, ಹರಿದ ಭಾಗವನ್ನಷ್ಟೇ ಸರಿಪಡಿಸುತ್ತದೆ. ಮಿಡತೆ, ದುಂಬಿ, ಚಿಟ್ಟೆ ಮುಖ್ಯ ಆಹಾರ. ಅಪರೂಪಕ್ಕೆ ಸಣ್ಣ ಹಕ್ಕಿಗಳೂ ಸಿಕ್ಕಿಬೀಳುವುದುಂಟು. ಬೇಟೆಯನ್ನು ಮೊದಲು ಕಚ್ಚಿ, ಅನಂತರ ನೂಲಿನಿಂದ ಸುತ್ತುತ್ತದೆ. ಆರ್ಗೈರೋಡಿಸ್ ಕುಲದ ಪುಟ್ಟ ಜೇಡಗಳು ಇದೇ ಬಲೆಯಲ್ಲಿ ನೆಲೆಸಿ ಆಹಾರವನ್ನು ಕದಿಯುತ್ತವೆ.

ಸಂತಾನೋತ್ಪತ್ತಿ

ಒಂದು ಹೆಣ್ಣಿನ ಬಲೆಯಲ್ಲಿ ಹಲವು ಗಂಡುಗಳು ಕಾದಿರಬಹುದು. ತನಗಿಂತ ನೂರು ಪಟ್ಟು ಭಾರದ ಸಂಗಾತಿಯನ್ನು ಸಮೀಪಿಸುವುದು ಗಂಡಿಗೆ ಪ್ರಾಣಾಪಾಯದ ಕೆಲಸ. ಹೆಣ್ಣು ಅದನ್ನು ತಿಂದುಬಿಡಬಹುದು. ಆದ್ದರಿಂದ ಹೆಣ್ಣು ಆಹಾರ ಸೇವನೆಯಲ್ಲಿ ತೊಡಗಿರುವ ಸಮಯ ಗಂಡಿಗೆ ಅನುಕೂಲಕರ. ಇದಲ್ಲದೆ ಅದು ಕೂಡುವಿಕೆಯ ನಡುನಡುವೆ ಹೆಣ್ಣಿನ ಬೆನ್ನಮೇಲೆ ಓಡಾಡುತ್ತ ನವಿರಾದ ನೂಲನ್ನು ಹಾಸುತ್ತದೆ. ಈ ನೂಲು ಹೆಣ್ಣನ್ನು ಕಟ್ಟಿಹಾಕುವಷ್ಟು ಬಲವಾದುದಲ್ಲ. 2011ರಲ್ಲಿ ಪ್ರಕಟವಾದ ಪ್ರಯೋಗಗಳ ಪ್ರಕಾರ, ನೂಲು ಮತ್ತು ಸ್ಪರ್ಶ ಎರಡೂ ಹೆಣ್ಣಿನ ಆಕ್ರಮಣಶೀಲತೆಯನ್ನು ತಗ್ಗಿಸುತ್ತವೆ. ಅವುಗಳಲ್ಲಿ ಸ್ಪರ್ಶದ ಪಾತ್ರವೇ ಹಿರಿದು.

ಮೊಟ್ಟೆಯಿಡಲು ಹೆಣ್ಣು ಬಲೆಯನ್ನು ಬಿಟ್ಟು ನೆಲಕ್ಕಿಳಿಯುತ್ತದೆ. ಸಣ್ಣ ಗುಳಿ ತೋಡಿ, ಮೊಟ್ಟೆಗಳನ್ನಿಟ್ಟು, ಮಣ್ಣು ಹಾಗೂ ತರಗೆಲೆಗಳಿಂದ ಮುಚ್ಚುತ್ತದೆ.

ಮನುಷ್ಯನಿಗೆ ಇದರ ವಿಷ ಮಾರಕವಲ್ಲ. ಕಚ್ಚಿದ ಜಾಗದಲ್ಲಿ ನೋವು ಮತ್ತು ಕೆಂಪು ಕಾಣಿಸಿಕೊಳ್ಳಬಹುದು.