ಹೊಂಬಣ್ಣದ ಕುದುರೆಯ ಹುಟ್ಟು
ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ಬುಡದಲ್ಲಿ ಆನೆ, ಸಿಂಹಗಳ ಸಾಲಿನ ಮೇಲೆ ಕುದುರೆ ಸವಾರರ ಸಾಲಿದೆ. ಆದರೆ ಅವರ ಕುದುರೆಗಳ ಬಣ್ಣವನ್ನು ಕಲ್ಲು ಹೇಳುವುದಿಲ್ಲ. ದಕ್ಷಿಣದ ಅರಸರ ಉತ್ತಮ ಕುದುರೆಗಳು ಬಹುಪಾಲು ಅರೇಬಿಯಾ, ಪರ್ಷಿಯಾಗಳಿಂದ ಹಡಗೇರಿ ಬಂದವು. ಭಟ್ಕಳ, ಹೊನ್ನಾವರ ಆ ವ್ಯಾಪಾರದ ಬಂದರುಗಳಾಗಿದ್ದವು.

ಕುದುರೆಯ ಜೊತೆ ಮಾತೂ ಬಂತು. 12ನೇ ಶತಮಾನದ ಗುಜರಾತಿನ ಜೈನ ವಿದ್ವಾಂಸ ಹೇಮಚಂದ್ರರು 'ಅಭಿಧಾನ ಚಿಂತಾಮಣಿ'ಯಲ್ಲಿ ಹಳದಿ ಕುದುರೆಯನ್ನು 'ಹರಿಯ' ಎಂದೂ ಅಮೃತವರ್ಣದ ಕುದುರೆಯನ್ನು 'ಸೇರಾಹ' ಎಂದೂ ಕರೆದಿದ್ದಾರೆ. ಸೇರಾಹ, ಕೋಕಾಹದಂತಹ ಪದಗಳು ವಿದೇಶಿ ವರ್ತಕರಿಂದ ಬಂದವೆಂಬುದು ಹಲವು ವಿದ್ವಾಂಸರ ಅಭಿಪ್ರಾಯ.

ಟಿಪ್ಪು ಸುಲ್ತಾನರು ಕರಾವಳಿಯಿಂದ ಘಟ್ಟವೇರುವ ದಾರಿ ಕಾಯಲು ಸಕಲೇಶಪುರದ ಬಳಿ ಎಂಟು ಮೂಲೆಯ ಮಂಜರಾಬಾದ್ ಕೋಟೆಯನ್ನು 1792ರಲ್ಲಿ ಕಟ್ಟಿಸಿದರು. ಆದರೆ ಅವರ ಅಶ್ವದಳಕ್ಕೆ ಕುದುರೆ ಬೆಳೆದದ್ದು ಈ ಮಳೆಯ ಮಲೆಗಳಲ್ಲಲ್ಲ, ಕುಣಿಗಲ್ಲಿನ ಬಯಲಿನಲ್ಲಿ.

ಹೊಂಬಣ್ಣದ ಗುಟ್ಟೇನು? ಕೆಂಚು ಕುದುರೆಗೆ ಬಣ್ಣ ತಿಳಿಗೊಳಿಸುವ 'ಕ್ರೀಮ್' ವಂಶವಾಹಿಯ ಒಂದು ಪ್ರತಿ ಸಿಕ್ಕರೆ ಮೈ ಚಿನ್ನ, ಕೇಸರ ಬಿಳಿ. ಎರಡು ಸಿಕ್ಕರೆ ಮೈ ಕೆನೆಬಣ್ಣ, ಕಣ್ಣು ನೀಲಿ. ಶುದ್ಧ ಅರಬ್ಬಿ ತಳಿಯಲ್ಲಿ ಈ ವಂಶವಾಹಿ ಇಲ್ಲ; ತುರ್ಕಮೆನಿಸ್ತಾನದ ಅಖಲ್-ಟೆಕೆ ಮತ್ತು ನಮ್ಮ ಮಾರ್ವಾಡಿ ತಳಿಗಳಲ್ಲಿದೆ.

ಚಿನ್ನಕ್ಕೆ ಚಿನ್ನವನ್ನೇ ಕೂಡಿಸಿದರೆ ನಾಲ್ಕು ಮರಿಗಳಲ್ಲಿ ಸರಾಸರಿ ಎರಡು ಮಾತ್ರ ಚಿನ್ನ; ಒಂದು ಕೆಂಚು, ಒಂದು ಕೆನೆ. ಕೆಂಚಿಗೆ ಕೆನೆಯನ್ನು ಕೂಡಿಸಿದರೆ ಎಲ್ಲವೂ ಚಿನ್ನ. ಒಂದೇ ಬಣ್ಣವನ್ನು ಶುದ್ಧವಾಗಿ ಉಳಿಸಿಕೊಳ್ಳಹೊರಟವನಿಗೆ ಅರ್ಧ ಚಿನ್ನ ಕೈಬಿಡುತ್ತದೆ. ಬೇರೆ ಬಣ್ಣಗಳನ್ನು ಕೂಡಿಸಿದವನಿಗೆ ಪೂರ್ತಿ ದಕ್ಕುತ್ತದೆ.