ಮಂದಿ ಕೂಗು, ಆಟಗಾರನ ಎದಿ

ನಮ್ಮ ಜಹೀರಾಬಾದ್, ನಾರಾಯಣಖೇಡ ಕಡಿ ಜಾತ್ರ್ಯಾಗ ಕುಸ್ತಿ ಅಂದ್ರ ಹಲಗಿ ಬೇಕೇ ಬೇಕು. ಹಲಗಿ ಬಿರುಸಾದಂಗ ಪೈಲ್ವಾನನ ತೋಳು ಬಿಗೀತದ. ನಾನು ಪದ ಹಾಡುವವ. ಎದುರಿಗಿ ಮಂದಿ ಕುಂತರ ದನಿ ತಾನೇ ಏರ್ತದ. ಆದರ ಅರ್ಧ ಕಲಿತ ಪದ ಅದೇ ಮಂದಿ ಮುಂದ ಮರೆತು ಹೋಗ್ತದ. ಹಂಗಾದರ ಮಂದಿ ಕೂಗು ಶಕ್ತಿ ಕೊಡ್ತದೋ, ಕಸಕೋತದೋ?

ಈ ಪ್ರಶ್ನಿ ಹಳೇದು. 1898ರಲ್ಲಿ ಅಮೆರಿಕದ ನಾರ್ಮನ್ ಟ್ರಿಪ್ಲೆಟ್ ಎಂಬವರು ಸೈಕಲ್ ಪಂದ್ಯಗಳ ದಾಖಲೆ ನೋಡಿದರು. ಒಬ್ಬನೇ ತುಳಿಯುವಾಗಿಗಿಂತ ಜೊತೆಗಾರ ಇದ್ದಾಗ ಸವಾರ ಜೋರು ಹೋಗ್ತಿದ್ದ. ಆಮ್ಯಾಲ ಮಕ್ಕಳ ಕೈಗೆ ಗಾಳದ ದಾರ ಸುತ್ತುವ ಚಕ್ರ ಕೊಟ್ಟು ನೋಡಿದರು. ಬಾಜೂಕ ಇನ್ನೊಬ್ಬ ಇದ್ದಾಗ ಹಲವರು ಚುರುಕಾದರು, ಕೆಲವರು ಗಾಬರಿಯಾಗಿ ಹಿಂದ ಬಿದ್ದರು. 1965ರಲ್ಲಿ ರಾಬರ್ಟ್ ಝಯಾನ್ಸ್ ಎಂಬ ವಿದ್ವಾಂಸರು ಇದಕ್ಕ ಕಾರಣ ಹೇಳಿದರು: ಎದುರಿಗಿ ಮಂದಿ ಇದ್ದರ ಪಳಗಿದ ಕೆಲಸ ಹಸನಾಗ್ತದ, ಪಳಗದ ಕೆಲಸ ಕೆಡ್ತದ.

1996ರ ವಿಶ್ವಕಪ್ ಕ್ರಿಕೆಟ್ ಬಹಳ ಮಂದಿಗೆ ನೆನಪಿರಬೇಕು. ಮಾರ್ಚ್ 9ಕ್ಕ ಬೆಂಗಳೂರಿನಾಗ ಭಾರತ 287 ರನ್ ಮಾಡಿತ್ತು. ಪಾಕಿಸ್ತಾನದ ಆಮಿರ್ ಸೊಹೈಲ್ ನಮ್ಮ ವೆಂಕಟೇಶ್ ಪ್ರಸಾದರಿಗೆ ಫೋರ್ ಹೊಡೆದು, ಬ್ಯಾಟ್ ಚಾಚಿ ಗೆರೆ ತೋರಿಸಿದರು. ಮುಂದಿನ ಚೆಂಡಿಗೇ ಬೋಲ್ಡ್! ಸ್ಟೇಡಿಯಂ ಗುಡುಗಿತು. ಭಾರತ 39 ರನ್ನಿಂದ ಗೆದ್ದಿತು. ಆ ಚೆಂಡು ಹಾಕಿದ್ದು ಮಂದಿ ಕೂಗಲ್ಲ, ವರ್ಷಾನುಗಟ್ಟಲೆ ಪಳಗಿದ ಪ್ರಸಾದರ ಕೈ.

ನಾಲ್ಕೇ ದಿನಕ್ಕ ಕಲ್ಕತ್ತಾದಾಗ ಸೆಮಿಫೈನಲ್. ಶ್ರೀಲಂಕಾ 251 ಮಾಡಿತು. ಭಾರತ ಒಂದು ವಿಕೆಟಿಗೆ 98 ಇದ್ದದ್ದು ಎಂಟಕ್ಕ 120 ಆಯಿತು. ಪಿಚ್ ತಿರುಗುತ್ತಿತ್ತು, ಎದುರಾಳಿ ಸ್ಪಿನ್ನರುಗಳು ಛಲೋ ಹಾಕಿದರು. ಆದರ ಜೈಕಾರ ಹಾಕಿದ ಮಂದಿಯೇ ಬಾಟಲಿ ಒಗೆದರು, ಬೆಂಕಿ ಹಚ್ಚಿದರು. ಮ್ಯಾಚ್ ರೆಫರಿ ಕ್ಲೈವ್ ಲಾಯ್ಡ್ ಆಟ ನಿಲ್ಲಿಸಿ ಶ್ರೀಲಂಕಾಕ್ಕ ಗೆಲುವು ಕೊಟ್ಟರು. ವಿನೋದ್ ಕಾಂಬ್ಳಿ ಅಳುತ್ತಾ ಹೊರನಡೆದದ್ದನ್ನು ದೇಶವೇ ನೋಡಿತು.

ಮಂದಿ ಕೂಗು ಮಳಿ ಇದ್ದಂಗ. ಹದ ಮಾಡಿದ ಹೊಲಕ್ಕ ಬಿದ್ದರ ತಾಂಡೂರಿನ ತೊಗರಿ ಹುಲುಸಾಗ್ತದ. ಹದ ಇಲ್ಲದ ಹೊಲದಾಗ ಕಸವೇ ಮೊದಲು ಏಳ್ತದ. ಹದ ಮಾಡೋದು ಮಾಸ್ತರರ ಕೆಲಸ, ಮಕ್ಕಳ ಕೆಲಸ. ಕಬಡ್ಡಿ ಆಡುವ ಹುಡುಗ ಹುಡುಗಿಯರಿಗೆ ಮೊದಲು ಖಾಲಿ ಬಯಲಿನಾಗ, ಆಮ್ಯಾಲ ನಾಕು ಮಂದಿ ಮುಂದ, ಆಮ್ಯಾಲ ಜಾತ್ರ್ಯಾಗ ಆಡಿಸ್ರಿ. ಸುತ್ತ ನಿಂತ ನಮ್ಮ ಕೆಲಸವೂ ಒಂದದ: ಸೋತು ಮಣ್ಣು ಝಾಡಿಸಿಕೊಂಡು ಏಳುವ ಪೋರನಿಗೂ ಒಂದು ಸುತ್ತು ಹಲಗಿ ಬಾರಿಸೋದು. ಮುಂದಿನ ವರ್ಷ ಅವ ಮತ್ತ ಅಖಾಡಕ್ಕ ಇಳೀಬೇಕಲ್ಲ.