ಓವರ್‌ಕ್ಲಾಕಿಂಗ್
ಡೆಸ್ಕ್‌ಟಾಪ್ ಕಂಪ್ಯೂಟರಿನ ಪ್ರೊಸೆಸರನ್ನು ತಯಾರಕರು ನಿಗದಿಪಡಿಸಿದ್ದಕ್ಕಿಂತ ಹೆಚ್ಚಿನ ಕ್ಲಾಕ್ ವೇಗದಲ್ಲಿ ನಡೆಸುವ ಕ್ರಮ. ಮೂಲ ಕ್ಲಾಕನ್ನು ಗುಣಕದಿಂದ ಗುಣಿಸಿದರೆ ಈ ವೇಗ ಸಿಗುತ್ತದೆ. ಇಂಟೆಲ್‌ನ ‘ಕೆ’ ಸರಣಿಯಲ್ಲೂ ಎಎಂಡಿಯ ಬಹುತೇಕ ರೈಜನ್‌ಗಳಲ್ಲೂ ಗುಣಕವನ್ನು ಬಯಾಸ್‌ನಲ್ಲಿ ಬದಲಿಸಬಹುದು. ಸುರಕ್ಷತೆಯನ್ನು ನಿರ್ಧರಿಸುವುದು ವೇಗಕ್ಕಿಂತ ಹೆಚ್ಚಾಗಿ ವೋಲ್ಟೇಜು. ವಿದ್ಯುತ್ ಬಳಕೆ ವೇಗಕ್ಕೆ ನೇರ ಅನುಪಾತದಲ್ಲಿ, ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: ವೇಗ ಶೇ. 10 ಹೆಚ್ಚಿಸಲು ವೋಲ್ಟೇಜನ್ನು 1.20ರಿಂದ 1.35 ವೋಲ್ಟ್‌ಗೆ ಒಯ್ದರೆ ಶಾಖ ಸುಮಾರು ಶೇ. 39 ಹೆಚ್ಚುತ್ತದೆ.

ಮೂಡುಬಿದಿರೆ ಬಳಿಯ ಮಿಜಾರಿನಂಥ ಕರಾವಳಿಯ ಊರುಗಳಲ್ಲಿ ಈ ಶಾಖದ ಲೆಕ್ಕ ಇನ್ನಷ್ಟು ಬಿಗಿ. ಫ್ಯಾನ್ ಕೂಲರ್ ಚಿಪ್ಪನ್ನು ಕೋಣೆಯ ಉಷ್ಣತೆಗಿಂತ ಕೆಳಗಿಳಿಸಲಾರದು. ಬೇಸಿಗೆಯ ಕೋಣೆಯೇ 33 ಡಿಗ್ರಿಯಿದ್ದರೆ ಉಳಿಯುವ ಅಂತರ ಕಡಿಮೆ. ಕೋಣೆಗಿಂತ ತಣ್ಣಗೆ ಮಾಡುವ ಸಾಧನಗಳಿಂದ ಮಳೆಗಾಲದ ತೇವದಲ್ಲಿ ಮದರ್‌ಬೋರ್ಡಿನ ಮೇಲೆ ನೀರು ಹನಿಗಟ್ಟುವ ಅಪಾಯವಿದೆ. ಬಿಸಿ ಮೀರಿದರೆ ಪ್ರೊಸೆಸರ್ ತಾನೇ ವೇಗ ತಗ್ಗಿಸುತ್ತದೆ, ಆದ್ದರಿಂದ ಭಯ ಬೇಡ ಎಂಬ ವಾದ ಅರ್ಧ ಸರಿ. ಆ ರಕ್ಷಣೆ ಶಾಖಕ್ಕೆ ಮಾತ್ರ. ಅತಿ ವೋಲ್ಟೇಜಿನಿಂದ ಸೂಕ್ಷ್ಮ ತಂತಿಗಳು ನಿಧಾನವಾಗಿ ಸವೆಯುವುದನ್ನಾಗಲಿ, ಸದ್ದಿಲ್ಲದೆ ತಪ್ಪುವ ಲೆಕ್ಕಗಳನ್ನಾಗಲಿ ಅದು ತಡೆಯದು. ಹಾಗಾಗಿ ಗುಣಕವನ್ನು ಒಂದೊಂದೇ ಹಂತ ಏರಿಸಿ, ಪ್ರತಿ ಹಂತದಲ್ಲೂ ಗಂಟೆಗಟ್ಟಲೆ ಪೂರ್ಣ ಹೊರೆಯಲ್ಲಿ ಪರೀಕ್ಷಿಸುವುದು, ಆ ಪರೀಕ್ಷೆಯನ್ನು ಏಪ್ರಿಲ್–ಮೇ ಸೆಕೆಯಲ್ಲಿ ಮತ್ತೆ ನಡೆಸುವುದು ಅಗತ್ಯ.